ಕುತ್ತಿಗೆಗೆ ಏಟು ಬಿದ್ದು ಒಳಗಿನ ರಕ್ತನಾಳ ಹರಿದ್ರೆ: ಆಪರೇಷನ್ನಾ, ಸ್ಟೆಂಟಾ, ಬರೀ ಮಾತ್ರೆನಾ?

ಡೊಂಬಿವಲಿಯಿಂದ ಒಬ್ರು, ಪಿಂಪ್ರಿಯಿಂದ ಒಬ್ರು, ವಾಸ್ಕೋದಿಂದ ಇನ್ನೊಬ್ರು, ಫೋನ್ ಮಾಡೋ ಮಹಾರಾಷ್ಟ್ರ, ಗೋವಾದ ನಮ್ಮ ಕನ್ನಡದವರು ಬೇರೆ ಬೇರೆ ಆದ್ರೂ ಕೇಳೋದು ಒಂದೇ. "ಅಕ್ಕಾ, ತಮ್ಮ ಬೈಕಿಂದ ಬಿದ್ದ, ಕುತ್ತಿಗೆ ರಕ್ತನಾಳ ಒಳಗೆ ಹರಿದಿದೆ ಅಂತ ರಿಪೋರ್ಟಲ್ಲಿ ಬಂದಿದೆ, ಇವ್ರು ನೋಡಿದ್ರೆ ಆಪರೇಷನ್ ಬೇಡ ಆಸ್ಪಿರಿನ್ ಸಾಕು ಅಂತಾರೆ, ಬೇರೆ ಕಡೆ ಶಿಫ್ಟ್ ಮಾಡೋದಾ?" ಇಲ್ಲಾಂದ್ರೆ ಇದರ ಉಲ್ಟಾ, "ಇವತ್ತೇ ಸ್ಟೆಂಟ್ ಹಾಕ್ಬೇಕಂತೆ, ಸಹಿ ಹಾಕೋದಾ ಬೇಡ್ವಾ?" (ಸ್ಟೆಂಟ್ ಅಂದ್ರೆ ರಕ್ತನಾಳದ ಒಳಗೆ ಇಡೋ ಜಾಳಿಗೆ ಕೊಳವೆ.)

ನಾನು ಡಾಕ್ಟರ್ ಅಲ್ಲ, ಮುಂಬೈಯ ಒಂದು ಟ್ರಾಮಾ ಐಸಿಯುನಲ್ಲಿ, ಅಂದ್ರೆ ದೊಡ್ಡ ಏಟಿನ ಕೇಸುಗಳ ಐಸಿಯುನಲ್ಲಿ, ಸಿಸ್ಟರ್. ನಿಮ್ಮ ಪೇಷಂಟಿಗೆ ಏನು ಮಾಡ್ಬೇಕು ಅಂತ ಫೋನಲ್ಲಿ ಹೇಳೋಕೆ ನನಗಾಗಲ್ಲ, ಯಾರಿಗೂ ಆಗಲ್ಲ. ಆದ್ರೆ ಡಾಕ್ಟರ್ ಯಾವ ಲೆಕ್ಕದ ಮೇಲೆ ಹಾಗೆ ಹೇಳ್ತಿದ್ದಾರೆ, ನೀವೇನು ಕೇಳ್ಬೇಕು, ಯಾವುದರಲ್ಲಿ ತಡ ಮಾಡ್ಬಾರದು ಅನ್ನೋದನ್ನ ಸಾಲಾಗಿ ಬರೀಬಹುದು, ಅದನ್ನೇ ಬರೀತಿದ್ದೀನಿ. ಮೊದಲೇ ಒಂದು ಮಾತು, ಈ ಏಟಲ್ಲಿ ಆಪರೇಷನ್ ಮಾಡದೇ ಇರೋದು ಅಂದ್ರೆ ಕೈಬಿಟ್ಟ ಹಾಗಲ್ಲ. ಹೆಚ್ಚಿನವರಿಗೆ ಔಷಧಿನೇ ಸರಿಯಾದ ಟ್ರೀಟ್‌ಮೆಂಟು. ಕತ್ತಿ ಹಿಡಿಯೋದು ಕೆಲವರಿಗೆ ಮಾತ್ರ, ಅದು ಯಾರಿಗೆ ಅನ್ನೋದು ಎರಡು ವಿಷಯದ ಮೇಲೆ ನಿಂತಿರತ್ತೆ: ಎಷ್ಟು ಹರಿದಿದೆ, ಎಲ್ಲಿ ಹರಿದಿದೆ.

ಮೊದಲು ಒಳಗೆ ಏನಿದೆ ಅಂತ ತಿಳ್ಕೊಳ್ಳಿ

ಮೆದುಳಿಗೆ ರಕ್ತ ಹೋಗೋಕೆ ಕುತ್ತಿಗೆಯಲ್ಲಿ ನಾಲ್ಕು ದಾರಿ. ಮುಂದೆ ಎಡಕ್ಕೊಂದು ಬಲಕ್ಕೊಂದು ಕೆರೋಟಿಡ್, ಬೆರಳಿಟ್ರೆ ನಾಡಿ ಸಿಗೋದು ಇದೇ. ಹಿಂದೆ ಎರಡು ವರ್ಟಿಬ್ರಲ್, ಇವು ಕುತ್ತಿಗೆ ಮೂಳೆಗಳಲ್ಲಿರೋ ತೂತುಗಳ ಒಳಗಿಂದಾನೇ ಮೇಲೆ ಹತ್ತತ್ವೆ, ಹಾಗಾಗಿ ಮೂಳೆ ಮುರಿದ್ರೆ ಇವಕ್ಕೂ ಏಟು ತಗಲೋ ಸಾಧ್ಯತೆ ಜಾಸ್ತಿ.

ಕುತ್ತಿಗೆ ಜೋರಾಗಿ ಹಿಂದಕ್ಕೆ ಬಾಗಿ ತಿರುಚಿದಾಗ, ಇಲ್ಲಾ ನೇರವಾಗಿ ಏನಾದ್ರೂ ಬಡಿದಾಗ, ರಕ್ತನಾಳದ ಹೊರಗೋಡೆ ಸರಿಯಿದ್ದು ಒಳಪದರ ಹರೀಬಹುದು. ಹಳೇ ಕೋಟಿನ ಅಸ್ತರು ಹರಿದಿರತ್ತಲ್ಲ, ಹೊರಗಿಂದ ನೋಡಿದ್ರೆ ಏನೂ ಗೊತ್ತಾಗಲ್ಲ, ತೋಳಿಗೆ ಕೈ ಹಾಕಿದ್ರೆ ಒಳಗೆ ಅಡ್ಡ ಬರತ್ತೆ, ಥೇಟ್ ಹಾಗೆ. ಹರಿದ ಆ ಜಾಗದಲ್ಲಿ ರಕ್ತ ಹೆಪ್ಪುಗಟ್ಟತ್ತೆ, ಹೆಪ್ಪಿನ ಚೂರು ಕಿತ್ಕೊಂಡು ಮೇಲೆ ಹೋಗಿ ಮೆದುಳಿನ ಸಣ್ಣ ನಾಳಕ್ಕೆ ಸಿಕ್ಕಾಕೊಂಡ್ರೆ ಸ್ಟ್ರೋಕ್, ಅಂದ್ರೆ ಲಕ್ವ. ಇದು ಏಟು ಬಿದ್ದ ತಕ್ಷಣ ಆಗ್ಬೇಕು ಅಂತಿಲ್ಲ, ಕೆಲವು ಗಂಟೆ ಬಿಟ್ಟು ಆಗಬಹುದು, ಎರಡು ಮೂರು ದಿನ ಬಿಟ್ಟೂ ಆಗಬಹುದು, ಹೆಚ್ಚಾಗಿ ಮೊದಲ 72 ಗಂಟೆ ಒಳಗೆ. ಪೇಷಂಟ್ ಎದ್ದು ಕೂತು ಚಹಾ ಕೇಳ್ತಿರ್ತಾನೆ, ಮನೆಯವರು ಡಿಸ್ಚಾರ್ಜ್ ಯಾವಾಗ ಅಂತ ಕೇಳ್ತಿರ್ತಾರೆ, ಅಪಾಯದ ಹೊತ್ತು ಅದೇ.

ಹಂತ 1: ಏಟು ಬಿದ್ದ ಮೊದಲ ಗಂಟೆ

108ಕ್ಕೆ ಫೋನ್ ಮಾಡಿ, ಮಹಾರಾಷ್ಟ್ರ ಗೋವಾ ಎರಡೂ ಕಡೆ ಇದೇ ನಂಬರ್. ಕುತ್ತಿಗೆ ಅಲ್ಲಾಡಿಸಬೇಡಿ, ಹೆಲ್ಮೆಟ್ ಹಾಕಿದ್ರೆ ಎಳೆದು ಕೀಳಬೇಡಿ, ತಲೆ ಮತ್ತು ಮೈ ಒಂದೇ ಗೆರೆಯಲ್ಲಿರೋ ಹಾಗೆ ಹಿಡ್ಕೊಳ್ಳಿ. ನೀರು, ಚಹಾ ಏನೂ ಬೇಡ, ಅರಿವಳಿಕೆ ಕೊಡಬೇಕಾಗಿ ಬಂದ್ರೆ ಹೊಟ್ಟೆ ಖಾಲಿ ಇರೋದು ಒಳ್ಳೇದು. ಉಸಿರಾಟ ಕಷ್ಟ ಆಗ್ತಿದ್ರೆ, ಕುತ್ತಿಗೆ ಊದ್ಕೊಳ್ತಿದ್ರೆ ಅದನ್ನೇ ಮೊದಲು ಹೇಳಿ, ಬಾಕಿದೆಲ್ಲ ಆಮೇಲೆ.

ಎಚ್ಚರ: ಉಳುಕಿರಬೇಕು ಅಂತ ಎಣ್ಣೆ ಹಚ್ಚಿ ತಿಕ್ಕೋದು, ಸಲೂನಿಗೆ ಹೋಗಿ ಕುತ್ತಿಗೆ ಲಟಕ್ ಅನ್ನಿಸ್ಕೊಳ್ಳೋದು, ಇದು ಖಡಾಖಂಡಿತ ಬೇಡ. ಏಟೇ ಬೀಳದೆ ಬರೀ ಆ ಲಟಕ್‌ಗೇ ರಕ್ತನಾಳ ಹರಿದ ಕೇಸುಗಳೂ ಇವೆ. ಇನ್ನೊಂದು, ನೆಟ್ಟಲ್ಲಿ ಓದ್ಕೊಂಡು ಮನೆಯಲ್ಲೇ ಆಸ್ಪಿರಿನ್ ನುಂಗಿಸಬೇಡಿ. ತಲೆ ಒಳಗೋ ಹೊಟ್ಟೆ ಒಳಗೋ ರಕ್ತ ಸುರೀತಿದ್ರೆ ಆ ಒಂದು ಮಾತ್ರೆನೇ ಮುಳುವಾಗತ್ತೆ.

ಯಾವ ಆಸ್ಪತ್ರೆ ಅಂತ ಕೇಳ್ತೀರಿ. ಹತ್ತಿರದ ನರ್ಸಿಂಗ್ ಹೋಮಲ್ಲಿ ಉಸಿರು ಬಿಪಿ ಸರಿ ಮಾಡಿಸ್ಕೊಳ್ಳಿ, ಆಮೇಲೆ ಮೂರು ಸೌಲಭ್ಯ ಇರೋ ಕಡೆ ಹೋಗಿ: ರಾತ್ರಿನೂ ನಡೆಯೋ ಸಿಟಿ ಆಂಜಿಯೋ ಅಂದ್ರೆ ರಕ್ತನಾಳದ ಸ್ಕ್ಯಾನ್, ವ್ಯಾಸ್ಕುಲರ್ ಸರ್ಜನ್ ಅಂದ್ರೆ ರಕ್ತನಾಳದ ಸರ್ಜನ್, ಮತ್ತೆ ಮೆದುಳಿನ ರಕ್ತನಾಳದ ಕೆಲಸ ಮಾಡೋ ಕ್ಯಾಥ್ ಲ್ಯಾಬ್, ಅಂದ್ರೆ ಕುಯ್ಯದೆ ನಳಿಕೆ ಬಿಟ್ಟು ಕೆಲಸ ಮಾಡೋ ಕೋಣೆ. ಸರ್ಕಾರಿ, ಮುನಿಸಿಪಲ್ ಕಡೆ ಅಂದ್ರೆ ಮುಂಬೈಯಲ್ಲಿ ಪರೇಲಿನ ಕೆಇಎಂ, ಸಾಯನ್, ಜೆಜೆ, ಪುಣೆಯಲ್ಲಿ ಸಸೂನ್, ಗೋವಾದಲ್ಲಿ ಬಾಂಬೋಳಿಯ ಜಿಎಂಸಿ, ದೊಡ್ಡ ಏಟಿನ ಕೇಸುಗಳು ಹೋಗಿ ಸೇರೋದು ಇಲ್ಲೇ. ಬದ್ಲಾಪುರ, ಪನ್ವೇಲ್ ಕಡೆಯಿಂದ ಬರೋರು ಹೊರಡೋ ಮೊದಲು ಫೋನ್ ಮಾಡಿ ಈ ಮೂರೂ ಇವತ್ತು ಇದೆಯಾ ಅಂತ ಕೇಳ್ಕೊಳ್ಳಿ, ಟ್ರಾಫಿಕ್ಕಲ್ಲಿ ಎರಡು ಸಲ ಅಲೆಯೋ ಹೊತ್ತು ಇದಲ್ಲ.

ಪೊಲೀಸ್ ಕೇಸು ಅಂತ ಹೆದರಬೇಡಿ. ಅಪಘಾತ, ಹೊಡೆದಾಟ, ನೇಣು ಹಾಕ್ಕೊಳ್ಳೋಕೆ ಹೋಗಿದ್ದು, ಇವೆಲ್ಲ ಎಂಎಲ್‌ಸಿ, ಅಂದ್ರೆ ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಲೇಬೇಕಾದ ಕೇಸು. ಆದ್ರೆ ಆ ಕಾಗದ ಆಗೋವರೆಗೆ ಟ್ರೀಟ್‌ಮೆಂಟ್ ನಿಲ್ಲಿಸೋ ಹಾಗಿಲ್ಲ, ಸುಪ್ರೀಂ ಕೋರ್ಟು 1989ರಲ್ಲೇ ಪರಮಾನಂದ್ ಕಟಾರಾ ಕೇಸಲ್ಲಿ ಇದನ್ನ ಸ್ಪಷ್ಟ ಮಾಡಿದೆ. ಏಟು ಹೇಗೆ ಬಿತ್ತು ಅನ್ನೋದನ್ನ ಮಾತ್ರ ಮುಚ್ಚಿಡಬೇಡಿ. ನೇಣು ಹಾಕ್ಕೊಂಡಿದ್ದನ್ನ ಮೆಟ್ಟಿಲಿಂದ ಬಿದ್ದ ಅಂತ ಹೇಳಿದ್ರೆ ಯಾರೂ ಕುತ್ತಿಗೆ ರಕ್ತನಾಳ ನೋಡೋಕೆ ಹೋಗಲ್ಲ.

(ಗಾಳಿಪಟದ ಮಾಂಜಾ ಕುಯ್ದಿದ್ದು, ಚಾಕು ಹಾಕಿದ್ದು, ಇದರ ಲೆಕ್ಕ ಬೇರೆ. ಅದು ಹೊರಗಿಂದ ಕೊಯ್ದ ಗಾಯ, ರಕ್ತ ಬರೋ ಜಾಗದ ಮೇಲೆ ಬಟ್ಟೆ ಒತ್ತಿ ಹಿಡಿದು ಓಡಬೇಕು. ಈ ಲೇಖನ ಚರ್ಮ ಹರಿಯದೆ ಒಳಗೆ ಬಿದ್ದ ಏಟಿಗೆ.)

ಹಂತ 2: ಸ್ಕ್ಯಾನ್ ಮಾಡಿಸಬೇಕಾ ಅಂತ ನೋಡೋದು

ಬಿದ್ದೋರಿಗೆಲ್ಲ ಸಿಟಿ ಆಂಜಿಯೋ ಬೇಕಾಗಲ್ಲ. ದೊಡ್ಡ ಒಳಏಟಾಗಿ ಆಸ್ಪತ್ರೆ ಸೇರೋರಲ್ಲಿ ಸುಮಾರು 100ಕ್ಕೆ ಒಬ್ಬರಿಂದ ಮೂವರಲ್ಲಿ ರಕ್ತನಾಳ ಹರಿದಿರೋದು ಸಿಗತ್ತೆ, ಹುಡುಕಿದಷ್ಟೂ ಜಾಸ್ತಿ ಸಿಗತ್ತೆ. ಈ ಕೆಳಗಿನದ್ರಲ್ಲಿ ಯಾವುದಾದ್ರೂ ಇದ್ರೆ "ಕುತ್ತಿಗೆಯ ಸಿಟಿ ಆಂಜಿಯೋ ಬೇಕಾ ಡಾಕ್ಟ್ರೇ?" ಅಂತ ನೀವೇ ಬಾಯಿಬಿಟ್ಟು ಕೇಳಿ:

– ಕುತ್ತಿಗೆ ಮೂಳೆ ಮುರಿದಿರೋದು, ತಲೆಬುರುಡೆಯ ತಳ ಬಿರುಕು ಬಿಟ್ಟಿರೋದು, ಮುಖದ ಮಧ್ಯಭಾಗದ ಮೂಳೆ ಪುಡಿಯಾಗಿರೋದು
– ಕುತ್ತಿಗೆ ಊದಿರೋದು, ಸೀಟ್ ಬೆಲ್ಟಿನ ಗೆರೆ ಕುತ್ತಿಗೆ ಮೇಲೆ ಕಪ್ಪಾಗಿ ಮೂಡಿರೋದು, ದುಪಟ್ಟಾ ಇಲ್ಲಾ ಸೀರೆ ಸೆರಗು ಚಕ್ರಕ್ಕೆ ಸಿಕ್ಕಿ ಎಳೆದಿದ್ದು
– ನೇಣು, ಕತ್ತು ಹಿಸುಕಿದ್ದು
– ಲೋಕಲ್ ಟ್ರೇನಿನ ಬಾಗಿಲಲ್ಲಿ ನೇತಾಡ್ತಾ ಕಂಬಕ್ಕೆ ಬಡಿದಿದ್ದು, ಅಡ್ಡ ಕಟ್ಟಿದ ಹಗ್ಗಕ್ಕೆ ಬೈಕಲ್ಲಿ ಹೋಗಿ ಕುತ್ತಿಗೆ ಸಿಕ್ಕಿದ್ದು
– ಒಂದು ಕಣ್ಣಿನ ರೆಪ್ಪೆ ಜೋತುಬಿದ್ದು ಅದೇ ಕಣ್ಣಿನ ಪಾಪೆ ಚಿಕ್ಕದಾಗಿರೋದು (ಕೆರೋಟಿಡ್ ಗೋಡೆಗೆ ಅಂಟಿಕೊಂಡು ಹೋಗೋ ನರಕ್ಕೆ ಪೆಟ್ಟಾದ್ರೆ ಹೀಗಾಗತ್ತೆ)
– ಕೈಕಾಲು ಬಲ ಇಲ್ಲ, ಮಾತು ತೊದಲ್ತಿದೆ, ಆದ್ರೆ ತಲೆಯ ಸಿಟಿ ನಾರ್ಮಲ್

ಕೊನೇದನ್ನ ಇನ್ನೊಂದ್ಸಲ ಓದ್ಕೊಳ್ಳಿ. ತಲೆ ಸಿಟಿ ನಾರ್ಮಲ್ ಬಂತು ಅಂತ ಖುಷಿಪಡೋ ಜಾಗ ಅದಲ್ಲ. ತಲೆಯಲ್ಲಿ ಕಾರಣ ಸಿಗದಿದ್ರೆ ಕುತ್ತಿಗೆಯಲ್ಲಿ ಹುಡುಕಬೇಕು.

ಮಕ್ಕಳ ಬಗ್ಗೆ ಒಂದು ಮಾತು. ಬಾಯಲ್ಲಿ ಪೆನ್ಸಿಲ್ಲೋ ಬ್ರಶ್ಶೋ ಇಟ್ಕೊಂಡು ಓಡ್ತಾ ಮುಗ್ಗರಿಸಿದ್ರೆ ಅದು ಗಂಟಲ ಪಕ್ಕಕ್ಕೆ ಹೊಡೆಯತ್ತೆ, ಅದರ ಹಿಂದೇನೇ ಕೆರೋಟಿಡ್ ಇರೋದು. ಬಾಯೊಳಗೆ ಸಣ್ಣ ಗಾಯ ಅಷ್ಟೇ ಕಾಣತ್ತೆ, ಆದ್ರೂ ಡಾಕ್ಟರಿಗೆ ತೋರಿಸಿ, ಎರಡು ಮೂರು ದಿನ ಮಗುವಿನ ನಡಿಗೆ, ಮಾತು, ಎಚ್ಚರ ಗಮನಿಸ್ತಾ ಇರಿ.

ಹಂತ 3: ಸಿಟಿ ಆಂಜಿಯೋ

ಕೈ ನರಕ್ಕೆ ಕಾಂಟ್ರಾಸ್ಟ್, ಅಂದ್ರೆ ರಕ್ತನಾಳ ಬೆಳ್ಳಗೆ ಕಾಣೋ ಹಾಗೆ ಮಾಡೋ ಔಷಧಿ, ಚುಚ್ಚಿ ಮಾಡೋ ಸ್ಕ್ಯಾನ್ ಇದು. ಮೆಷಿನ್ ಕನಿಷ್ಠ 16 ಸ್ಲೈಸಿನದಾಗಿರಬೇಕು, ಈಗ ದೊಡ್ಡ ಕಡೆ 64, 128 ಇರತ್ತೆ. ಕಾಂಟ್ರಾಸ್ಟ್ ಇಲ್ಲದ ಸಾದಾ ಸಿಟಿಯಲ್ಲಿ ಇದು ಸಿಗಲ್ಲ. "ಡಾಪ್ಲರ್ ಮಾಡಿಸಿದ್ವಿ, ನಾರ್ಮಲ್" ಅಂತ ತುಂಬ ಜನ ಸಮಾಧಾನ ಮಾಡ್ಕೊತಾರೆ, ಆದ್ರೆ ಡಾಪ್ಲರಿಗೆ, ಅಂದ್ರೆ ರಕ್ತನಾಳದ ಸೋನೋಗ್ರಫಿಗೆ, ತಲೆಬುರುಡೆ ತಳದ ಹತ್ತಿರ ಮತ್ತೆ ಮೂಳೆ ಒಳಗಿರೋ ಭಾಗ ಸರಿಯಾಗಿ ಕಾಣಲ್ಲ, ಹರಿಯೋದು ಹೆಚ್ಚಾಗಿ ಅಲ್ಲೇ. ಕಿಡ್ನಿ ತೊಂದರೆ, ಶುಗರಿಗೆ ಮೆಟ್‌ಫಾರ್ಮಿನ್ ತಗೊಳ್ಳೋದು, ಹಿಂದೆ ಕಾಂಟ್ರಾಸ್ಟಿಗೆ ಅಲರ್ಜಿ ಆಗಿದ್ದು, ಬಸುರಿ ಆಗಿರೋ ಸಾಧ್ಯತೆ, ಈ ನಾಲ್ಕನ್ನ ಕೇಳದೇ ಇದ್ರೂ ಹೇಳಿ.

ಸ್ಕ್ಯಾನಲ್ಲಿ ಅನುಮಾನ ಉಳಿದ್ರೆ ಡಿಎಸ್‌ಎ ಮಾಡ್ತಾರೆ, ತೊಡೆಸಂದಿಯಿಂದಲೋ ಮಣಿಕಟ್ಟಿಂದಲೋ ಸಣ್ಣ ನಳಿಕೆ ಒಳಗೆ ಬಿಟ್ಟು ಕುತ್ತಿಗೆವರೆಗೆ ತಂದು ಚಿತ್ರ ತೆಗೆಯೋದು. ಸಿಡಿ ಅಥವಾ ಫಿಲ್ಮ್ ಕೇಳಿ ಇಸ್ಕೊಳ್ಳಿ, ಬರೀ ರಿಪೋರ್ಟ್ ಕಾಗದ ಸಾಲಲ್ಲ, ಸರ್ಜನ್ ಚಿತ್ರನೇ ಕೇಳ್ತಾರೆ.

ಹಂತ 4: ಗ್ರೇಡ್ ಎಷ್ಟು ಅಂತ ತಿಳ್ಕೊಳ್ಳಿ

ಅಮೆರಿಕದ ಡೆನ್ವರ್‌ನಲ್ಲಿ ವಾಲ್ಟರ್ ಬಿಫಲ್ ಅನ್ನೋ ಸರ್ಜನ್ ಮತ್ತವರ ಜೊತೆಯವರು 1999ರಲ್ಲಿ ಈ ಏಟನ್ನ ಐದು ಗ್ರೇಡಾಗಿ ವಿಂಗಡಿಸಿದ್ರು, ಈಗಲೂ ಎಲ್ಲ ಕಡೆ ಅದೇ ನಡೀತಿದೆ.

ಗ್ರೇಡ್ 1: ಒಳಗೋಡೆ ಸ್ವಲ್ಪ ಒರಟಾಗಿದೆ, ದಾರಿ ಕಿರಿದಾಗಿರೋದು 25 ಪರ್ಸೆಂಟಿಗಿಂತ ಕಮ್ಮಿ.
ಗ್ರೇಡ್ 2: 25 ಪರ್ಸೆಂಟೋ ಅದಕ್ಕಿಂತ ಜಾಸ್ತಿನೋ ಕಿರಿದಾಗಿದೆ, ಇಲ್ಲಾ ಒಳಗೆ ಹೆಪ್ಪು ಇದೆ, ಇಲ್ಲಾ ಹರಿದ ಪದರ ಎದ್ದು ನಿಂತಿದೆ.
ಗ್ರೇಡ್ 3: ಸುಡೋ ಅನ್ಯೂರಿಸಂ, ಅಂದ್ರೆ ಗೋಡೆ ಹರಿದ ಕಡೆ ರಕ್ತ ಹೊರಗೆ ತಳ್ಳಿ ಚೀಲದ ಹಾಗೆ ಉಬ್ಬಿರೋದು.
ಗ್ರೇಡ್ 4: ಪೂರ್ತಿ ಮುಚ್ಚಿಹೋಗಿದೆ.
ಗ್ರೇಡ್ 5: ತುಂಡಾಗಿದೆ, ರಕ್ತ ಹೊರಗೆ ಸುರೀತಿದೆ.

ಅವರು ನೋಡಿದ ಕೆರೋಟಿಡ್ ಕೇಸುಗಳಲ್ಲಿ ಸ್ಟ್ರೋಕ್ ಆಗಿದ್ದು ಗ್ರೇಡ್ 1ರಲ್ಲಿ 3 ಪರ್ಸೆಂಟ್, 2ರಲ್ಲಿ 11, 3ರಲ್ಲಿ 33, 4ರಲ್ಲಿ 44, ಐದರಲ್ಲಿ ಎಲ್ಲರಿಗೂ. ಹಳೇ ಲೆಕ್ಕ, ನಿಮ್ಮ ಪೇಷಂಟಿಗೆ ಹಾಗೇ ಅನ್ವಯ ಮಾಡ್ಕೋಬೇಡಿ, ಆದ್ರೆ ಮೆಟ್ಟಿಲು ಹೇಗೆ ಏರತ್ತೆ ಅಂತ ಗೊತ್ತಾಗತ್ತೆ. ವರ್ಟಿಬ್ರಲ್‌ನಲ್ಲಿ ಗ್ರೇಡಿಗೂ ಸ್ಟ್ರೋಕಿಗೂ ಇಷ್ಟು ನೇರ ಸಂಬಂಧ ಇಲ್ಲ.

ರಿಪೋರ್ಟಲ್ಲಿ ಗ್ರೇಡ್ ಬರೆದಿರಲ್ಲ ಎಷ್ಟೋ ಸಲ. ರೌಂಡ್ಸಿಗೆ ಬಂದ ಡಾಕ್ಟರನ್ನ ನೇರ ಕೇಳಿ, ಗ್ರೇಡ್ ಎಷ್ಟು, ಯಾವ ಕಡೆ, ಎಷ್ಟು ಎತ್ತರದಲ್ಲಿ. ಮೂರು ಉತ್ತರ ಒಂದು ಚೀಟಿಯಲ್ಲಿ ಬರ್ಕೊಳ್ಳಿ, ಎರಡನೇ ಅಭಿಪ್ರಾಯ ಕೇಳೋಕೆ ಹೋದಾಗ ಇಷ್ಟಿದ್ರೆ ಅರ್ಧ ಕೆಲಸ ಆದ ಹಾಗೆ.

ಹಂತ 5: ಔಷಧಿ, ಹೆಚ್ಚಿನವರಿಗೆ ಇಷ್ಟೇ

ಹೆಪ್ಪು ಬೆಳೀಬಾರದು, ಅದೇ ಗುರಿ. ಹೆಪರಿನ್ ಡ್ರಿಪ್ ಇಲ್ಲಾ ಆಸ್ಪಿರಿನ್ ಥರದ ಮಾತ್ರೆ. ಹೆಪರಿನ್ ಆದ್ರೆ ಒಮ್ಮೆಗೇ ದೊಡ್ಡ ಡೋಸ್ ತಳ್ಳದೆ ನಿಧಾನಕ್ಕೆ ಶುರು ಮಾಡ್ತಾರೆ, ಎಪಿಟಿಟಿ ಅನ್ನೋ ರಕ್ತಪರೀಕ್ಷೆ ಮೇಲಿಂದ ಮೇಲೆ ಮಾಡಿ ಡ್ರಿಪ್ಪಿನ ವೇಗ ಬದಲಾಯಿಸ್ತಾರೆ, "ಎಷ್ಟು ಸಲ ರಕ್ತ ತೆಗೀತಾರೆ" ಅಂತ ಜಗಳ ಆಡೋರು ಇದನ್ನ ನೆನಪಿಟ್ಕೊಳ್ಳಿ. ಹೆಪರಿನ್ ಒಳ್ಳೇದಾ ಆಸ್ಪಿರಿನ್ ಒಳ್ಳೇದಾ ಅಂತ ಕೇಳ್ಬೇಡಿ, ಯಾವುದೇ ಕೊಟ್ರೂ ಸುಮ್ಮನೆ ಬಿಡೋದಕ್ಕಿಂತ ಸ್ಟ್ರೋಕ್ ಕಮ್ಮಿ ಆಗತ್ತೆ, ಮೈಯಲ್ಲಿ ಬೇರೆ ಏಟು ಎಲ್ಲಿದೆ ಅಂತ ನೋಡಿ ಆರಿಸ್ತಾರೆ.

ತೊಡಕು ಬರೋದೇ ಇಲ್ಲಿ. ಬೈಕಿಂದ ಬಿದ್ದೋನಿಗೆ ಕುತ್ತಿಗೆ ಒಂದಕ್ಕೇ ಏಟಾಗಿರಲ್ಲ. ತಲೆ ಒಳಗೆ ರಕ್ತ ಇರತ್ತೆ, ಗುಲ್ಮ ಒಡೆದಿರತ್ತೆ, ತೊಡೆಮೂಳೆ ಮುರಿದಿರತ್ತೆ. ಅಂಥವನಿಗೆ ರಕ್ತ ತೆಳು ಮಾಡೋ ಔಷಧಿ ಕೊಟ್ರೆ ಅಲ್ಲಿ ಸುರಿಯತ್ತೆ, ಕೊಡದಿದ್ರೆ ಇಲ್ಲಿ ಹೆಪ್ಪಾಗತ್ತೆ. ನ್ಯೂರೋ ಸರ್ಜನ್, ಟ್ರಾಮಾ ಡಾಕ್ಟರು, ವ್ಯಾಸ್ಕುಲರ್ ಸರ್ಜನ್ ಮೂವರೂ ಕೂತು ಮಾತಾಡಿ ದಿನ ಗೊತ್ತು ಮಾಡ್ತಾರೆ. ಬೆಳಿಗ್ಗೆ ಒಬ್ರು ಕೊಡೋಣ ಅಂದ್ರು, ಸಂಜೆ ಇನ್ನೊಬ್ರು ನಾಳೆ ಅಂದ್ರು ಅಂದ್ರೆ ಗೊಂದಲ ಅಂತ ತಿಳಿಯಬೇಡಿ, ತೂಗಿ ನೋಡ್ತಿದ್ದಾರೆ. ನೀವು ಕೇಳಬೇಕಾದ್ದು, "ಔಷಧಿ ಇವತ್ತು ಯಾಕೆ ಬೇಡ, ಯಾವಾಗ ಶುರು ಮಾಡ್ತೀರಿ?" ಇದಕ್ಕೆ ಉತ್ತರ ಕೊಡೋರು ಯಾರೂ ಇಲ್ಲ ಅಂದ್ರೆ ಮಾತ್ರ ಚಿಂತೆ ಮಾಡಿ.

ಹಂತ 6: ಆಪರೇಷನ್ ಯಾರಿಗೆ

ತುಂಡಾಗಿ ರಕ್ತ ಸುರೀತಿರೋರಿಗೆ, ಗ್ರೇಡ್ 5, ತಡ ಇಲ್ಲದೆ ಥಿಯೇಟರು ಇಲ್ಲಾ ಕ್ಯಾಥ್ ಲ್ಯಾಬ್. ಅಲ್ಲಿ ಯೋಚನೆ ಮಾಡೋಕೆ ಯಾರಿಗೂ ಟೈಮಿಲ್ಲ, ಸಹಿ ಹಾಕಿ.

ಉಳಿದವರಲ್ಲಿ ಆಪರೇಷನ್ ಮಾತು ಬರೋದು ಇಂಥವರಿಗೆ: ಚೀಲ ಸ್ಕ್ಯಾನಿಂದ ಸ್ಕ್ಯಾನಿಗೆ ದೊಡ್ಡದಾಗ್ತಿದೆ, ದಾರಿ ತೀರಾ ಕಿರಿದಾಗಿ ಮೆದುಳಿಗೆ ರಕ್ತ ಸಾಲ್ತಿಲ್ಲ, ಔಷಧಿ ನಡೀತಿದ್ರೂ ಸಣ್ಣ ಸ್ಟ್ರೋಕ್ ಲಕ್ಷಣ ಬರ್ತಿದೆ, ಇಲ್ಲಾ ಔಷಧಿ ಕೊಡೋಕೇ ಆಗಲ್ಲ. ಅದರ ಮೇಲೆ, ಕೈ ತಲುಪೋ ಜಾಗ ಆಗಿರಬೇಕು. ಸರ್ಜನ್‌ಗಳು ಕುತ್ತಿಗೆನ ಮೂರು ಝೋನ್ ಮಾಡ್ಕೊಂಡಿರ್ತಾರೆ, ಕೊರಳೆಲುಬಿಂದ ಧ್ವನಿಪೆಟ್ಟಿಗೆ ಕೆಳಗಿನ ಉಂಗುರದವರೆಗೆ ಒಂದು, ಅಲ್ಲಿಂದ ದವಡೆ ಮೂಲೆವರೆಗೆ ಎರಡು, ಅದರ ಮೇಲೆ ಬುರುಡೆ ತಳದವರೆಗೆ ಮೂರು. ಎರಡನೇ ಝೋನಲ್ಲಿ ಕುಯ್ದು ಸರಿ ಮಾಡೋದು ಸಲೀಸು. ಒಳಏಟಿಗೆ ಹರಿಯೋದು ಮಾತ್ರ ಹೆಚ್ಚಾಗಿ ಮೂರನೇದ್ರಲ್ಲಿ, ದವಡೆ ಅಡ್ಡ, ಮೂಳೆ ಅಡ್ಡ, ಅಲ್ಲಿ ಚಾಕು ಹೋಗಲ್ಲ. "ದೊಡ್ಡ ಸರ್ಜನ್ ಇದ್ರೆ ಮಾಡ್ತಿದ್ರು" ಅಂತ ನೆಂಟರು ಹೇಳೋದನ್ನ ನಂಬಿ ಐಸಿಯು ಪೇಷಂಟನ್ನ ಊರೂರು ಸಾಗಿಸಬೇಡಿ, ಜಾಗ ಕೈಗೆ ಎಟುಕದ್ದಾಗಿದ್ರೆ ಎಂಥವರೂ ಕೈಕಟ್ಟಿ ನಿಲ್ಲಬೇಕಾಗತ್ತೆ.

ತೆರೆದು ಮಾಡೋ ಆಪರೇಷನ್ ಹೀಗೆ ನಡಿಯತ್ತೆ. ಪೂರ್ತಿ ಅರಿವಳಿಕೆ. ಕಿವಿ ಕೆಳಗಿಂದ ಎದೆಮೂಳೆ ಕಡೆಗೆ ಇಳಿಯೋ ಸ್ನಾಯುವಿನ ಮುಂದಿನ ಅಂಚಲ್ಲಿ ಉದ್ದಕ್ಕೆ ಕುಯ್ತಾರೆ. ತೊಡೆ ಅಥವಾ ಕಾಲನ್ನೂ ಕ್ಲೀನ್ ಮಾಡಿ ರೆಡಿ ಇಟ್ಕೊತಾರೆ, ಕುತ್ತಿಗೆ ಆಪರೇಷನ್ನಿಗೆ ಕಾಲಿಗೆ ಯಾಕೆ ಪಟ್ಟಿ ಅಂತ ಮನೆಯವರು ಗಾಬರಿಯಾಗೋದು ಇದಕ್ಕೇ, ಅಲ್ಲಿಂದ ಒಂದು ತುಂಡು ಸಿರೆ ತೆಗೆದು ಇಲ್ಲಿ ಜೋಡಿಸಬೇಕಾಗಬಹುದು. ಮೊದಲು ಹರಿದ ಜಾಗದ ಕೆಳಗೆ, ಆಮೇಲೆ ಮೇಲೆ, ಎರಡೂ ಕಡೆ ರಕ್ತ ಹಿಡಿತಕ್ಕೆ ತಗೊಂಡೇ ಒಳಗೆ ಕೈ ಹಾಕೋದು. ರಕ್ತ ನಿಲ್ಲಿಸಿರೋ ಹೊತ್ತಲ್ಲಿ ಮೆದುಳಿಗೆ ಸಾಲದು ಅನ್ಸಿದ್ರೆ ಶಂಟ್ ಅನ್ನೋ ಸಣ್ಣ ಕೊಳವೆ ಹಾಕಿ ಬೈಪಾಸ್ ದಾರಿ ಮಾಡ್ಕೊತಾರೆ. ಆಮೇಲೆ ಹರಿದಿದ್ದಕ್ಕೆ ತಕ್ಕ ಹಾಗೆ ಹೊಲಿಗೆ, ಇಲ್ಲಾ ತೇಪೆ, ಇಲ್ಲಾ ಕೆಟ್ಟ ಭಾಗ ಕತ್ತರಿಸಿ ಕಾಲಿನ ಸಿರೆಯನ್ನೋ ಕೃತಕ ನಳಿಕೆಯನ್ನೋ ನಡುವೆ ಜೋಡಿಸೋದು. ಏನೂ ಆಗದಿದ್ರೆ ಲೈಗೇಷನ್, ಕಟ್ಟಿಬಿಡೋದು. ಕೆರೋಟಿಡ್ ಕಟ್ಟೋದು ಅಂದ್ರೆ ಸ್ಟ್ರೋಕಿನ ಭಯ ಇದ್ದೇ ಇದೆ, ಜೀವ ಉಳಿಸೋಕೆ ಬೇರೆ ದಾರಿ ಇಲ್ಲದಾಗ ಮಾಡ್ತಾರೆ. ವರ್ಟಿಬ್ರಲ್ ಲೆಕ್ಕ ಬೇರೆ, ಇನ್ನೊಂದು ಕಡೆಯದು ಚೆನ್ನಾಗಿದ್ರೆ ಒಂದನ್ನ ಮುಚ್ಚಿದ್ರೂ ಸಾಮಾನ್ಯವಾಗಿ ತಡೀತಾರೆ, ಅದಕ್ಕೇ ಅದನ್ನ ರಿಪೇರಿ ಮಾಡೋ ಬದಲು ಒಳಗಿಂದ ಕಾಯಿಲ್ ಅನ್ನೋ ತಂತಿಸುರುಳಿ ತುಂಬಿ ಮುಚ್ಚೋದೇ ಜಾಸ್ತಿ.

ಸ್ಟೆಂಟ್ ಅಂದ್ರೆ ತೊಡೆಸಂದಿಯಿಂದ ನಳಿಕೆ ಬಿಟ್ಟು ಹರಿದ ಜಾಗದಲ್ಲಿ ಜಾಳಿಗೆ ಕೊಳವೆ ಅರಳಿಸೋದು. ಕುಯ್ಯೋಕೆ ಆಗದ ಮೂರನೇ ಝೋನಿಗೆ ಇದೇ ಗತಿ. ಆದ್ರೆ ಹರಿದಿದೆ ಅಂದ ತಕ್ಷಣ ಎಲ್ಲರಿಗೂ ಸ್ಟೆಂಟ್ ಅನ್ನೋದು ಸರಿಯಲ್ಲ, ಅಮೆರಿಕದ ಟ್ರಾಮಾ ಸರ್ಜನ್‌ಗಳ ಸಂಘ ಈಸ್ಟ್ 2020ರ ಮಾರ್ಗಸೂಚಿಯಲ್ಲಿ ಗ್ರೇಡ್ 2, 3ಕ್ಕೆ ರೂಢಿಯಾಗಿ ಸ್ಟೆಂಟ್ ಹಾಕೋದು ಬೇಡ ಅಂತಾನೇ ಹೇಳಿದೆ. ಸ್ಟೆಂಟ್ ಹಾಕಿದ್ರೆ ಆಸ್ಪಿರಿನ್ ಜೊತೆ ಕ್ಲೋಪಿಡೋಗ್ರೆಲ್ ಅಂತ ಇನ್ನೊಂದು ಮಾತ್ರೆ ಕೆಲವು ತಿಂಗಳು ಬಿಡದೆ ತಗೋಬೇಕು, ತಲೆಯಲ್ಲಿ ರಕ್ತ ಇರೋನಿಗೆ, ಮುಂದಿನ ವಾರ ತೊಡೆಮೂಳೆ ಆಪರೇಷನ್ ಇರೋನಿಗೆ ಅದು ಎಷ್ಟು ಕಷ್ಟ ನೋಡಿ.

ಹಂತ 7: ಸಹಿ ಹಾಕೋ ಮೊದಲು ಐದು ನಿಮಿಷ

ತುರ್ತಿಲ್ಲದಿದ್ರೆ ಇಷ್ಟು ಕೇಳಿ. ಈಗ ಔಷಧಿಯಲ್ಲೇ ಕಾದು ಏಳೆಂಟು ದಿನ ಬಿಟ್ಟು ಸ್ಕ್ಯಾನ್ ಮಾಡಿ ನೋಡಿದ್ರೆ ಏನು ನಷ್ಟ? ಕುಯ್ಯೋದಾದ್ರೆ ಯಾಕೆ, ಸ್ಟೆಂಟಾದ್ರೆ ಯಾಕೆ? ಉಳಿದ ಮೂರು ರಕ್ತನಾಳ ಹೇಗಿವೆ? ಆಮೇಲೆ ಎರಡು ಮಾತ್ರೆ ತಗೊಳ್ಳೋಕೆ ಇವನ ಬೇರೆ ಏಟು ಬಿಡತ್ತಾ? ಮರಾಠಿ, ಹಿಂದಿ ಸರಿಯಾಗಿ ಬರಲ್ಲ ಅಂದ್ರೆ ಬರೋರನ್ನ ಜೊತೆಗೆ ಕರ್ಕೊಂಡು ಹೋಗಿ, ಅರ್ಥ ಆಗದೆ ತಲೆ ಅಲ್ಲಾಡಿಸಬೇಡಿ. ವಾರ್ಡಿನ ಮಾಮಾ, ಮಾವಶಿ ಹೇಳೋ ಮೆಡಿಕಲ್ ಸಲಹೆ ಪ್ರೀತಿಯಿಂದ ಕೇಳಿ, ಪಾಲಿಸಬೇಡಿ. ಹತ್ತು ಜನ ನೆಂಟರು ಹತ್ತು ಸಲ ಕೇಳೋ ಬದಲು ಮನೆಯವರಲ್ಲಿ ಒಬ್ರೇ ಡಾಕ್ಟರ್ ಜೊತೆ ಮಾತಾಡಿ.

ಹಂತ 8: ದುಡ್ಡು, ಕಾಗದ

ರಸ್ತೆ ಅಪಘಾತ ಆದ್ರೆ 2025ರ ಮೇ ತಿಂಗಳಿಂದ ಕೇಂದ್ರದ ಕ್ಯಾಶ್‌ಲೆಸ್ ಯೋಜನೆ ಇದೆ, ಗೊತ್ತುಪಡಿಸಿದ ಆಸ್ಪತ್ರೆಯಲ್ಲಿ ಅಪಘಾತದ ದಿನದಿಂದ 7 ದಿನ, 1.5 ಲಕ್ಷದವರೆಗೆ. ಅಡ್ಮಿಷನ್ ಹೊತ್ತಲ್ಲೇ ಕೇಳಿ.

ಮಹಾರಾಷ್ಟ್ರದ ರೇಷನ್ ಕಾರ್ಡ್ ಇರೋರಿಗೆ ಮಹಾತ್ಮಾ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆ, ಈಗ 5 ಲಕ್ಷದವರೆಗೆ. ಆಸ್ಪತ್ರೆಯಲ್ಲಿ ಆರೋಗ್ಯಮಿತ್ರ ಅನ್ನೋ ಡೆಸ್ಕ್ ಇರತ್ತೆ, ಕೇಸ್ ಪೇಪರ್, ರೇಷನ್ ಕಾರ್ಡ್, ಆಧಾರ್ ತಗೊಂಡು ಮೊದಲ ದಿನವೇ ಹೋಗಿ. ನಮ್ಮ ಹೋಟೆಲ್ ಹುಡುಗರ ಕಷ್ಟ ಏನಂದ್ರೆ ಕಾರ್ಡು ಉಡುಪಿಯದೋ ಕಲಬುರಗಿಯದೋ ಆಗಿರತ್ತೆ, ಅದು ಇಲ್ಲಿನ ಫುಲೆ ಯೋಜನೆಗೆ ನಡಿಯಲ್ಲ. ಆಯುಷ್ಮಾನ್ ಭಾರತ್ ಕಾರ್ಡ್ ಇದ್ರೆ ಬೇರೆ ರಾಜ್ಯದಲ್ಲೂ ನಡಿಯತ್ತೆ, ಊರಿಗೆ ಫೋನ್ ಮಾಡಿ ಫೋಟೋ ತರಿಸ್ಕೊಳ್ಳಿ. ಏನೂ ಇಲ್ಲದವರು ಟ್ರಸ್ಟ್ ಆಸ್ಪತ್ರೆಯ ಸೋಷಿಯಲ್ ವರ್ಕರನ್ನ ಕಾಣಿ, ಮಹಾರಾಷ್ಟ್ರದ ಟ್ರಸ್ಟ್ ಕಾಯ್ದೆಯ 41ಎಎ ಪ್ರಕಾರ ಧರ್ಮಾರ್ಥ ಆಸ್ಪತ್ರೆಗಳು 10 ಪರ್ಸೆಂಟ್ ಬೆಡ್ ತೀರಾ ಬಡವರಿಗೆ ಉಚಿತವಾಗಿ, ಇನ್ನೊಂದು 10 ಪರ್ಸೆಂಟ್ ರಿಯಾಯ್ತಿಯಲ್ಲಿ ಇಡಬೇಕು. ಕೇಳಿದ್ರೆ ಸಿಗತ್ತೆ, ಕೇಳದಿದ್ರೆ ಯಾರೂ ಕರೆದು ಕೊಡಲ್ಲ.

ಗೋವಾದಲ್ಲಿ ದೀನ್ ದಯಾಳ್ ಸ್ವಾಸ್ಥ್ಯ ಸೇವಾ ಯೋಜನೆ, ಐದು ವರ್ಷ ಅಲ್ಲಿದ್ದವರಿಗೆ, ಮೂರು ಜನರವರೆಗಿನ ಮನೆಗೆ ವರ್ಷಕ್ಕೆ 2.5 ಲಕ್ಷ, ಅದಕ್ಕಿಂತ ದೊಡ್ಡ ಮನೆಗೆ 4 ಲಕ್ಷ. ಬೈನಾ, ಝುವಾರಿನಗರ ಕಡೆ ನಮ್ಮವರು ಹತ್ತಾರು ವರ್ಷದಿಂದ ಇದ್ರೂ ಕಾರ್ಡ್ ಮಾಡಿಸಿರಲ್ಲ. ಏಟು ಬೀಳೋ ಮೊದಲೇ ಮಾಡಿಸಿ.

ಹಂತ 9: ಆಪರೇಷನ್ ಆದ ರಾತ್ರಿ

ಐಸಿಯುನಲ್ಲಿ ನಾವು ಗಂಟೆಗಂಟೆಗೆ ಬಂದು ಪೇಷಂಟನ್ನ ಎಬ್ಬಿಸ್ತೀವಿ, ಮಲಗೋಕೂ ಬಿಡಲ್ಲ ಅಂತ ಮನೆಯವರು ಬೈಕೋತಾರೆ. ನಾಲಿಗೆ ಚಾಚು ಅಂತೀವಿ, ಒಂದು ಕಡೆ ವಾಲಿದ್ರೆ ನಾಲಿಗೆ ನರಕ್ಕೆ ಪೆಟ್ಟಾಗಿದೆ. ಹಲ್ಲು ಕಿರಿ ಅಂತೀವಿ, ತುಟಿಯ ಕೆಳಮೂಲೆ ಒಂದು ಕಡೆ ಬಗ್ಗದಿದ್ರೆ ದವಡೆ ಅಂಚಿನ ನರ. ಹೆಸರು ಹೇಳು ಅಂತೀವಿ, ದನಿ ಗೊಗ್ಗರಾಗಿದ್ರೆ ಧ್ವನಿಯ ನರ. ಇವು ಎಳೆದಾಡಿದ್ದಕ್ಕೆ ಆಗಿದ್ರೆ ಕೆಲವು ವಾರ, ತಿಂಗಳಲ್ಲಿ ಸರಿಹೋಗೋದೇ ಜಾಸ್ತಿ. ಎರಡೂ ಕೈ ಮುಂದೆ ಚಾಚಿ ಕಣ್ಣು ಮುಚ್ಚು ಅಂತೀವಿ, ಒಂದು ಕೈ ನಿಧಾನಕ್ಕೆ ಕೆಳಗಿಳಿದ್ರೆ ಅದು ಸ್ಟ್ರೋಕ್, ಆಗ ಓಡಾಟ ಶುರು.

ನಾನು ಕುತ್ತಿಗೆಯ ಊತದ ಅಂಚಿಗೆ ಪೆನ್ನಲ್ಲಿ ಗೆರೆ ಹಾಕಿ ಪಕ್ಕದಲ್ಲಿ ಟೈಮ್ ಬರೀತೀನಿ. ಊತ ಗೆರೆ ದಾಟಿದ್ರೆ, ಡ್ರೈನ್ ಬಾಟಲಿ ಬೇಗ ಬೇಗ ತುಂಬಿದ್ರೆ, ನುಂಗೋಕೆ ಕಷ್ಟ ಅಂದ್ರೆ, ಒಳಗೆ ರಕ್ತ ಸೇರಿ ಶ್ವಾಸನಾಳ ಒತ್ತುತ್ತಿದೆ ಅಂತ, ಬೆಳಗಾಗೋವರೆಗೆ ಕಾಯೋ ಹಾಗಿಲ್ಲ. ಪಕ್ಕ ಕೂತಿರೋ ಮನೆಯವರು ಆ ಗೆರೆ ನೋಡ್ತಿರಿ, ಒರೆಸಬೇಡಿ. ಬಿಪಿ ಏರಬಾರದು, ಹಾಗಾಗಿ ಹಾಸಿಗೆ ಪಕ್ಕ ನಿಂತು ಅಳೋದು, ಪೊಲೀಸ್ ಕೇಸಿನ ಜಗಳ, ಎಲ್ಲ ಹೊರಗೆ. ಸ್ಟೆಂಟ್ ಹಾಕಿದ್ರೆ ನಳಿಕೆ ಹಾಕಿದ ಕಾಲು ಡಾಕ್ಟರ್ ಹೇಳಿದಷ್ಟು ಗಂಟೆ ಮಡಚದೆ ಮಲಗಿರಬೇಕು, ತೊಡೆಸಂದಿ ಊದಿದ್ರೆ, ಬೆಚ್ಚಗೆ ಒದ್ದೆ ಅನ್ಸಿದ್ರೆ ಕರೀರಿ.

ಹಂತ 10: ಮನೆಗೆ ಹೋದ ಮೇಲೆ

7ರಿಂದ 10 ದಿನದೊಳಗೆ ಇನ್ನೊಂದು ಸಿಟಿ ಆಂಜಿಯೋ ಮಾಡಿ ಗ್ರೇಡ್ ಇಳಿದಿದೆಯಾ ಏರಿದೆಯಾ ನೋಡ್ತಾರೆ, ಅಷ್ಟರಲ್ಲಿ ಡಿಸ್ಚಾರ್ಜ್ ಆಗಿದ್ರೆ ಅದಕ್ಕೋಸ್ಕರನೇ ವಾಪಸ್ ಬನ್ನಿ. ಗ್ರೇಡ್ 1 ಹೆಚ್ಚಾಗಿ ವಾಸಿಯಾಗಿರತ್ತೆ, ಚೀಲ ಆಗಿರೋದು ತಾನಾಗೇ ಹೋಗೋದು ಅಪರೂಪ, ಪೂರ್ತಿ ಮುಚ್ಚಿದ್ದು ಹೆಚ್ಚಾಗಿ ಮುಚ್ಚೇ ಇರತ್ತೆ. ವಾಸಿ ಆಗದವರಿಗೆ ಮಾತ್ರೆ ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು, ಆಮೇಲೆ ಮತ್ತೆ ಸ್ಕ್ಯಾನ್, ಅದನ್ನ ನೋಡಿ ನಿಲ್ಲಿಸೋದೋ ಮುಂದುವರಿಸೋದೋ.

ಇಲ್ಲೇ ಜಾಸ್ತಿ ಜನ ಜಾರೋದು. ಚೆನ್ನಾಗಿದ್ದೀನಿ ಅಂತ ಊರಿಗೆ ಹೋಗ್ತಾರೆ, ಮಾತ್ರೆ ಮುಗಿಯತ್ತೆ, ಅಲ್ಲಿನ ಡಾಕ್ಟರಿಗೆ ಏನಾಗಿತ್ತು ಅಂತಾನೇ ಗೊತ್ತಿರಲ್ಲ. ಇಲ್ಲಾ ಹಲ್ಲು ಕೀಳಿಸೋಕೆ ಹೋದಾಗ ಯಾರೋ ಮಾತ್ರೆ ನಿಲ್ಲಿಸು ಅಂತಾರೆ, ನಿಲ್ಲಿಸಿ ಮತ್ತೆ ಶುರು ಮಾಡೋದೇ ಇಲ್ಲ. ಸ್ಟೆಂಟ್ ಹಾಕಿದವರು ಇದನ್ನ ಮಾಡಿದ್ರೆ ಸ್ಟೆಂಟೇ ಮುಚ್ಚಿಹೋಗಬಹುದು. ಡಿಸ್ಚಾರ್ಜ್ ಕಾರ್ಡಿನ ಫೋಟೋ, ಸ್ಕ್ಯಾನಿನ ಸಿಡಿ, ಮಾತ್ರೆ ಹೆಸರು, ಮುಂದಿನ ಸ್ಕ್ಯಾನಿನ ತಾರೀಕು, ನಾಲ್ಕನ್ನೂ ಮನೆಯ ಇಬ್ಬರ ಫೋನಲ್ಲಿ ಇಡಿ. ಆಸ್ಪಿರಿನ್ ಜೊತೆ ಮೆಡಿಕಲ್ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಬೇಡಿ, ಕಪ್ಪು ಮಲ ಹೋದ್ರೆ ಹೊಟ್ಟೆಯಲ್ಲಿ ರಕ್ತ ಅಂತ ತಿಳ್ಕೊಂಡು ತಕ್ಷಣ ತೋರಿಸಿ. ಕುತ್ತಿಗೆ ಮಸಾಜ್, ಭಾರ ಎತ್ತೋದು, ಜಿಮ್, ಬೈಕು, ಇವೆಲ್ಲ ಸರ್ಜನ್ ಹೂಂ ಅಂದ ಮೇಲೆ.

ಮನೆಯಲ್ಲಿ ಯಾವತ್ತಾದ್ರೂ ಬಾಯಿ ಸೊಟ್ಟಗಾದ್ರೆ, ಒಂದು ಕೈ ಬಿದ್ದುಹೋದ್ರೆ, ಮಾತು ತಡವರಿಸಿದ್ರೆ, ಒಂದು ಕಣ್ಣಿಗೆ ಪರದೆ ಎಳೆದ ಹಾಗೆ ಕತ್ತಲಾಗಿ ಹತ್ತು ನಿಮಿಷದಲ್ಲಿ ಸರಿಹೋದ್ರೂ, ಟೈಮ್ ನೋಡ್ಕೊಂಡು 108. ಎಷ್ಟು ಹೊತ್ತಿಗೆ ಶುರುವಾಯ್ತು ಅಂತ ಡಾಕ್ಟರ್ ಮೊದಲು ಕೇಳೋದೇ ಅದು, ಹೆಪ್ಪನ್ನ ನಳಿಕೆಯಿಂದ ಎಳೆದು ತೆಗೆಯೋಕೆ ಆಗತ್ತಾ ಇಲ್ವಾ ಅನ್ನೋದು ಆ ಉತ್ತರದ ಮೇಲೂ ನಿಂತಿರತ್ತೆ.